ಪುಟ್ಟ ಹಂಡೆಯೊಳಗಿನ ಗಾಳಿ

ಕೇಳುಗರಿಗೆ ನಮಸ್ಕಾರ. ಜಪಾನಿನ ಕ್ಯೋಟೋದಲ್ಲಿ ಒಂದು ಮಧ್ಯಾಹ್ನ ಅಲ್ಲಿನ ಸಾಂಪ್ರದಾಯಿಕ ಪದ್ಧತಿಯಲ್ಲಿ ಟೀ ಕುಡಿದ ಕತೆ ಇವತ್ತು ಹೇಳುತ್ತೇನೆ. ಇದನ್ನು ರೇಡಿಯೋದಲ್ಲೇ ಹೇಳಬೇಕು ಅಂತ ತುಂಬಾ ದಿನದಿಂದ ಆಸೆಯಿತ್ತು. ಯಾಕೆಂದರೆ ಆ ಟೀಯ ರುಚಿಗಿಂತ ಅಲ್ಲಿ ಕೇಳಿದ ಸದ್ದುಗಳೇ ನನಗೆ ಜಾಸ್ತಿ ನೆನಪಿವೆ.

ನವೆಂಬರ್ ತಿಂಗಳು. ತೋಟದ ಕಲ್ಲುಗಳ ಮೇಲೆ ಆಗಷ್ಟೇ ನೀರು ಚಿಮುಕಿಸಿದ್ದರು. ನಮ್ಮಲ್ಲಿ ಬೆಳಿಗ್ಗೆ ಅಂಗಳಕ್ಕೆ ನೀರು ಹಾಕುತ್ತೇವಲ್ಲ, ಹಾಗೆ. ಎಲ್ಲ ಸಿದ್ಧವಾಗಿದೆ, ಬನ್ನಿ ಅಂತ ಅದರ ಅರ್ಥ. ಕಲ್ಲಿನ ತೊಟ್ಟಿಯ ಮುಂದೆ ಬಗ್ಗಿ ಕೈ, ಬಾಯಿ ತೊಳೆದುಕೊಂಡೆವು. ಆಮೇಲೆ ಚಹಾಕೋಣೆಯ ಬಾಗಿಲು. ಅದರ ಎತ್ತರ ಸುಮಾರು 66 ಸೆಂಟಿಮೀಟರ್, ಅಷ್ಟೇ! ನಿಜಿರಿಗುಚಿ ಅನ್ನುತ್ತಾರೆ. ಮಂಡಿಯೂರಿ, ತಲೆ ತಗ್ಗಿಸಿ, ತೆವಳಿಕೊಂಡೇ ಒಳಗೆ ಹೋಗಬೇಕು. ಹಿಂದೆ ಸಮುರಾಯಿಗಳೂ ಕತ್ತಿಯನ್ನು ಹೊರಗಿಟ್ಟು ಹೀಗೇ ಒಳಗೆ ಬರುತ್ತಿದ್ದರು. ಕೊನೆಗೆ ಬಂದವರು ಬಾಗಿಲನ್ನು ಸಣ್ಣಗೆ ಟಕ್ ಅನ್ನುವಂತೆ ಎಳೆಯುತ್ತಾರೆ. ಗೋಡೆಯಾಚೆ ಕಾಯುತ್ತಿರುವ ಆತಿಥೇಯರಿಗೆ ಎಲ್ಲರೂ ಬಂದಾಯಿತು ಅಂತ ಗೊತ್ತಾಗುವುದು ಆ ಸದ್ದಿನಿಂದ. ಯಾರೂ ಯಾರನ್ನೂ ಕೂಗುವುದಿಲ್ಲ.

ಒಳಗೆ ನಾಲ್ಕೂವರೆ ಚಾಪೆಯಷ್ಟು ಜಾಗ, ಮಣ್ಣಿನ ಗೋಡೆ, ಕಾಗದದ ಕಿಟಕಿ, ಒಂದು ಮೂಲೆಯಲ್ಲಿ ಒಂದೇ ಹೂವು. ಈ ಸರಳತೆಗೆ ರೂಪ ಕೊಟ್ಟವನು ಚಹಾ ಗುರು ಸೆನ್ ನೋ ರಿಕ್ಯು, 1522ರಲ್ಲಿ ಹುಟ್ಟಿದವನು. ಅವನದೆಂದು ಹೇಳುವ ತಾಯ್-ಆನ್ ಕೋಣೆ ಕ್ಯೋಟೋ ಪಕ್ಕದ ಯಾಮಾಜಾಕಿಯಲ್ಲಿ ಇವತ್ತಿಗೂ ಇದೆ, ಅದಕ್ಕೆ ಬರೀ ಎರಡು ಚಾಪೆ. ಅವನ ಒಡೆಯ, ಆಗ ಜಪಾನನ್ನು ಆಳುತ್ತಿದ್ದ ಹಿದೆಯೋಶಿ, ಚಿನ್ನದ ಚಹಾಕೋಣೆಯನ್ನೇ ಕಟ್ಟಿಸಿಕೊಂಡಿದ್ದ. ಅದೇ ಹಿದೆಯೋಶಿಯ ಅಪ್ಪಣೆಯಿಂದ 1591ರಲ್ಲಿ ರಿಕ್ಯು ತನ್ನ ಪ್ರಾಣ ತಾನೇ ತೆಗೆದುಕೊಳ್ಳಬೇಕಾಯಿತು. ಆ ಪುಟ್ಟ ಕೋಣೆಯಲ್ಲಿ ಕೂತಾಗ ಇದು ನೆನಪಾಗಿ ನಿಜಕ್ಕೂ ಸಂಕಟವಾಯಿತು.

ಕೂರುವುದು ನಮ್ಮ ವಜ್ರಾಸನದ ಹಾಗೆ. ಅರ್ಧ ಗಂಟೆಗೆ ನನ್ನ ಕಾಲು ಜೋಮು ಹಿಡಿಯಿತು. ಟೀ ಮಾಡುತ್ತಿದ್ದ ಅಜ್ಜಿ ಅದನ್ನು ಹೇಗೋ ಗಮನಿಸಿ, ಆರಾಮಾಗಿ ಕೂತುಕೊಳ್ಳಿ ಅಂತ ಕೈಸನ್ನೆ ಮಾಡಿದರು.

ಆಗಲೇ ನನಗೆ ಹೊರಗೆ ಗಾಳಿ ಬೀಸುತ್ತಿದೆ ಅನ್ನಿಸಿದ್ದು. ಕಿಟಕಿ ನೋಡಿದೆ, ಎಲೆ ಅಲ್ಲಾಡುತ್ತಿಲ್ಲ. ಗಾಳಿ ಇದ್ದದ್ದು ಹಂಡೆಯೊಳಗೆ! ನವೆಂಬರ್ ಬಂದರೆ ನೆಲದಲ್ಲೇ ತೋಡಿದ ಒಲೆಯ ಮುಚ್ಚಳ ತೆಗೆದು, ಕೆಂಡದ ಮೇಲೆ ಕಬ್ಬಿಣದ ಪುಟ್ಟ ಹಂಡೆ ಇಡುತ್ತಾರೆ. ಅದರ ತಳಕ್ಕೆ ಒಳಗಿನಿಂದ ಸಣ್ಣ ಕಬ್ಬಿಣದ ಚೂರುಗಳನ್ನು ಅಂಟಿಸಿರುತ್ತಾರಂತೆ. ನೀರು ಕಾದಾಗ ಅದಕ್ಕೇ ಆ ಸದ್ದು. ಮಾತ್ಸುಕಾಜೆ ಅನ್ನುತ್ತಾರೆ, ಪೈನ್ ಮರಗಳ ನಡುವೆ ಬೀಸುವ ಗಾಳಿ. ಬಚ್ಚಲಿನ ಹಂಡೆ ಗುಂಯ್ ಅನ್ನುವುದನ್ನು ಕೇಳಿಕೊಂಡು ಬೆಳೆದವಳು ನಾನು. ಆದರೆ ಬರೀ ಆ ಸದ್ದಿಗಾಗಿ ಯಾರೋ ಹಂಡೆಗೆ ಇಷ್ಟು ಕಷ್ಟಪಡುತ್ತಾರೆ ಅಂತ ಯಾವತ್ತೂ ಯೋಚಿಸಿರಲಿಲ್ಲ.

ಮೊದಲು ಸಿಹಿ ಕೊಟ್ಟರು. ಅದನ್ನು ತಿಂದು ಮುಗಿಸಿದ ಮೇಲೆಯೇ ಕಹಿ ಟೀ. ಅಜ್ಜಿ ಬಿದಿರಿನ ಚಮಚದಲ್ಲಿ ಹಸಿರು ಪುಡಿ ಹಾಕಿ, ಚಮಚವನ್ನು ಬಟ್ಟಲಿನ ಅಂಚಿಗೆ ಮೆಲ್ಲಗೆ ತಟ್ಟಿದರು. ಟಿಕ್. ಬಿದಿರಿನ ಸೌಟಿನಿಂದ ಬಿಸಿನೀರು ಸುರಿದರು. ತಣ್ಣೀರು ಬೀಳುವ ಸದ್ದು ಚುರುಕು, ಬಿಸಿನೀರಿನದು ಸ್ವಲ್ಪ ಮೆತ್ತಗೆ. ಮನೆಯಲ್ಲಿ ನೀವೇ ಕೇಳಿ ನೋಡಿ. ಆಮೇಲೆ ಚಾಸೆನ್ ತೆಗೆದುಕೊಂಡರು. ಅದು ನಮ್ಮ ಕಡಗೋಲಿನ ಮೊಮ್ಮಗಳು ಅನ್ನಿ. ಒಂದೇ ಬಿದಿರಿನ ತುಂಡನ್ನು ಕೂದಲಿನಷ್ಟು ತೆಳ್ಳಗೆ ಸೀಳಿ ಮಾಡುತ್ತಾರೆ, ನಾರಾದ ತಾಕಾಯಾಮಾ ಇದಕ್ಕೆ ಹೆಸರಾದ ಊರು. ಅಜ್ಜಿಯ ಮಣಿಕಟ್ಟು ಮಾತ್ರ ಓಡಾಡುತ್ತಿತ್ತು, ಭುಜ ಅಲ್ಲಾಡಲಿಲ್ಲ. ಸರಸರ ಸರಸರ ಅಂತ ಶುರುವಾದದ್ದು ನೊರೆ ಬಂದ ಹಾಗೆ ಸಣ್ಣದಾಗುತ್ತಾ ಹೋಯಿತು.

ಬಟ್ಟಲನ್ನು ಅಂಗೈ ಮೇಲಿಟ್ಟು ಎರಡು ಸಲ ತಿರುಗಿಸಿ, ಅದರ ಚೆಂದದ ಮುಖಕ್ಕೆ ತುಟಿ ತಾಗದ ಹಾಗೆ ಕುಡಿದೆ. ಕೊನೆಯ ಗುಟುಕನ್ನು ಸೊರ್ ಅಂತ ಹೀರಬೇಕು. ಚಿಕ್ಕವಳಿದ್ದಾಗ ನಮ್ಮಮ್ಮ ಬೈಯುತ್ತಿದ್ದದ್ದೇ ಆ ಸದ್ದಿಗೆ, ಅಲ್ಲಿ ಅದು ಕುಡಿದಾಯಿತು ಅಂತ ತಿಳಿಸುವ ಮರ್ಯಾದೆ. ಅಜ್ಜಿ ಕೇಳಿಸಿಕೊಂಡು ಸ್ವಲ್ಪ ತಲೆಬಾಗಿದರು.

ಎಲ್ಲ ಮುಗಿಯುವಾಗ ಅವರು ಒಂದು ಸೌಟು ತಣ್ಣೀರನ್ನು ಹಂಡೆಗೆ ಸುರಿದರು. ಅಷ್ಟು ಹೊತ್ತು ಬೀಸುತ್ತಿದ್ದ ಗಾಳಿ ತಟ್ಟನೆ ನಿಂತಿತು.