ಮಸಾಜ್: ಎಷ್ಟು ಒತ್ತಬೇಕು, ಎಲ್ಲಿ ಮುಟ್ಟಬಾರದು

ಎಲ್ಲರಿಗೂ ನಮಸ್ಕಾರ. ನೆಹರೂ ಕ್ರೀಡಾಂಗಣದಲ್ಲಿ ಓಡಿ, ಬೆವರು ಆರುವ ಮೊದಲೇ ಇಲ್ಲಿ ಬಂದು ಕೂತವರಿದ್ದೀರಿ. ಹಾಗಾಗಿ ಪೀಠಿಕೆ ಬೇಡ, ನೇರವಾಗಿ ಕಾಲಿನ ವಿಷಯಕ್ಕೆ ಬರೋಣ.

ಕೊಡಚಾದ್ರಿ ಹತ್ತಿದವರು ಕೈ ಎತ್ತಿ. ಸುಮಾರು ಎಲ್ಲರೂ ಇದ್ದೀರಿ! 1343 ಮೀಟರ್ ಎತ್ತರದ ಬೆಟ್ಟ. ಹತ್ತುವಾಗ ಏದುಸಿರು ಬರುತ್ತದೆ, ನಿಜ. ಆದರೆ ಮರುದಿನ ಬಚ್ಚಲಿಗೆ ಹೋಗುವಾಗಲೂ ಗೋಡೆ ಹಿಡಿಯುವ ಹಾಗೆ ಮಾಡುವುದು ಇಳಿಜಾರು. ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯಬೇಕು. ಅದರ ಎಳೆಗಳಿಗೆ ಸಣ್ಣಪುಟ್ಟ ಪೆಟ್ಟಾಗುತ್ತದೆ, ಆಮೇಲೆ ಉರಿಯೂತ. ಒಂದರಿಂದ ಮೂರು ದಿನದೊಳಗೆ ನೋವು ಜೋರಾಗಿ, ನಂತರ ತಾನಾಗಿ ಇಳಿಯುತ್ತದೆ.

ನಮ್ಮ ಹುಡುಗರು ಮಾತ್ರ ‘ಲ್ಯಾಕ್ಟಿಕ್ ಆಸಿಡ್ ಕೂತಿದೆ ಸಾರ್, ತಿಕ್ಕಿ ತೆಗೀಬೇಕು’ ಅನ್ನುತ್ತಾರೆ. ಇದು ಎಷ್ಟು ಹೇಳಿದರೂ ಸಾಯದ ನಂಬಿಕೆ. ಜೋರಾಗಿ ಓಡುವಾಗ ಸ್ನಾಯುವಿನಲ್ಲಿ ಹುಟ್ಟುವ ವಸ್ತು ಅದು; ಓಟ ಮುಗಿದು ಒಂದು ಗಂಟೆ ಕಳೆಯುವಷ್ಟರಲ್ಲಿ ದೇಹವೇ ಅದನ್ನು ಹೆಚ್ಚುಕಡಿಮೆ ಖಾಲಿ ಮಾಡಿರುತ್ತದೆ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2012ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. 11 ಯುವಕರಿಂದ ಸುಸ್ತಾಗುವಷ್ಟು ಸೈಕಲ್ ತುಳಿಸಿ, ಒಂದೇ ಕಾಲಿಗೆ ಮಸಾಜ್ ಮಾಡಿ, ಎರಡೂ ತೊಡೆಯಿಂದ ಸ್ನಾಯುವಿನ ಚೂರು ತೆಗೆದು ನೋಡಿದರು. ಲ್ಯಾಕ್ಟೇಟ್‌ನಲ್ಲಿ, ಅಂದರೆ ಹುಡುಗರು ಹೇಳುವ ಅದೇ ಲ್ಯಾಕ್ಟಿಕ್ ಆಸಿಡ್‌ನಲ್ಲಿ, ವ್ಯತ್ಯಾಸ ಕಾಣಲಿಲ್ಲ. ಆದರೆ ಮಸಾಜ್ ಆದ ಕಾಲಿನಲ್ಲಿ ಉರಿಯೂತದ ಸಂಕೇತಗಳು ಕಡಿಮೆ ಇದ್ದವು. ಚಿಕ್ಕ ಪ್ರಯೋಗ, ಒಪ್ಪುತ್ತೇನೆ. 2020ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನವರು 29 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರು. ಮಸಾಜ್‌ನಿಂದ ವೇಗವಾಗಲೀ ಬಲವಾಗಲೀ ಹೆಚ್ಚಿದ್ದಕ್ಕೆ ಪುರಾವೆ ಸಿಗಲಿಲ್ಲ. ಮೈ ಸ್ವಲ್ಪ ಬಾಗುತ್ತದೆ, ಮರುದಿನದ ನೋವು ಸ್ವಲ್ಪ ತಗ್ಗುತ್ತದೆ, ಅಷ್ಟೇ. ನಾಳೆ ಮತ್ತೆ ಅಭ್ಯಾಸಕ್ಕೆ ಇಳಿಯಬೇಕಾದವರಿಗೆ ಅಷ್ಟು ಸಾಕಲ್ವಾ?

ಈಗ ಕೈಕೆಲಸ. ಮೀನಖಂಡವನ್ನೇ ತೆಗೆದುಕೊಳ್ಳಿ. ಬೋರಲು ಮಲಗಿಸಿ, ಕಣಕಾಲಿನ ಕೆಳಗೆ ಮಡಚಿದ ಟವೆಲ್ ಇಡಿ. ಮಂಡಿ ಸ್ವಲ್ಪ ಬಾಗಿದರೆ ಸ್ನಾಯು ತಾನೇ ಸಡಿಲವಾಗುತ್ತದೆ. ಅಂಗೈಯಲ್ಲಿ ಎಣ್ಣೆ ಬೆಚ್ಚಗಾಗಲಿ. ಕೊಬ್ಬರಿ ಎಣ್ಣೆಯೋ ಎಳ್ಳೆಣ್ಣೆಯೋ, ಮನೆಯಲ್ಲಿದ್ದದ್ದು ಸಾಕು. ಕೈ ಜಾರಲಿಕ್ಕೆ ತಾನೇ. ಹಿಮ್ಮಡಿಯಿಂದ ಮಂಡಿಯ ಕಡೆಗೆ, ಅಂದರೆ ಹೃದಯದ ದಿಕ್ಕಿಗೆ, ಪೂರ್ತಿ ಅಂಗೈಯಿಂದ ನಿಧಾನಕ್ಕೆ ನೀವಿ. ಒಂದೆರಡು ನಿಮಿಷ ಹೀಗೇ ಹೋಗಲಿ, ಅವಸರ ಬೇಡ. ಆಮೇಲೆ ಸ್ನಾಯುವನ್ನು ಎರಡೂ ಕೈಯಲ್ಲಿ ಎತ್ತಿ, ಚಪಾತಿ ಹಿಟ್ಟು ನಾದಿದ ಹಾಗೆ ಹಿಂಡಿ ಬಿಡಿ. ಗಂಟು ಸಿಕ್ಕಿದ ಕಡೆ ಹೆಬ್ಬೆರಳು ಇಟ್ಟು ಒತ್ತಿ ಹಿಡಿಯಿರಿ. ಮಲಗಿದವನ ಮುಖ ನೋಡುತ್ತಿರಿ. ಉಸಿರು ಬಿಗಿಹಿಡಿದ, ಬೆರಳು ಮುದುಡಿದ ಅಂದರೆ ಒತ್ತಡ ಜಾಸ್ತಿ ಆಯಿತು. ‘ನೋವಾದರೇ ಒಳ್ಳೆಯದು’ ಅನ್ನುವ ಉಸ್ತಾದರು ಗರಡಿಯಲ್ಲೂ ಇದ್ದಾರೆ, ಜಿಮ್‌ನಲ್ಲೂ ಇದ್ದಾರೆ. ನಾನು ಒಪ್ಪುವುದಿಲ್ಲ. ನೋವಿಗೆ ಸ್ನಾಯು ಇನ್ನೂ ಬಿಗಿಯುತ್ತದೆ. ಕೊನೆಗೆ ಮತ್ತೆ ನೀವಿ ಮುಗಿಸಿ.

ಅಡಿಕೆ ಕೊಯ್ಲಿನ ಕೊನೆಗೌಡರಿಗೆ ಇದನ್ನು ಯಾರೂ ಹೇಳಿಕೊಡುವುದಿಲ್ಲ. ದಿನವಿಡೀ ಮರ ಹತ್ತಿ ಇಳಿಯುವವರ ಮುಂಗೈ, ಮೀನಖಂಡಕ್ಕೂ ಇದೇ ಕ್ರಮ ಹೊಂದುತ್ತದೆ. ಅವರೂ ಆಟಗಾರರೇ, ಪದಕ ಇಲ್ಲ ಅಷ್ಟೇ.

ಪಂದ್ಯಕ್ಕೆ ಮುಂಚೆ ಆಳದ ಮಸಾಜ್ ಬೇಡ. ಐದು ನಿಮಿಷ ಚುರುಕಾಗಿ ಉಜ್ಜಿದರೆ ಸಾಕು, ಉಳಿದದ್ದು ವಾರ್ಮ್ ಅಪ್ ಕೆಲಸ.

ಕಬಡ್ಡಿಯವರು ಗಮನಿಸಿ. ತೊಡೆಗೆ ಮಂಡಿ ಗುದ್ದಿ ಊತ ಬಂದರೆ ಮೊದಲ ಎರಡು ಮೂರು ದಿನ ತಿಕ್ಕಲೇಬಾರದು, ಹಂಡೆಯ ಬಿಸಿನೀರೂ ಬೇಡ. ಒಳಗೆ ರಕ್ತ ಸೋರುತ್ತಿರುತ್ತದೆ, ತಿಕ್ಕಿದರೆ ಇನ್ನೂ ಸೋರುತ್ತದೆ. ಕೆಲವೊಮ್ಮೆ ಆ ಜಾಗದಲ್ಲಿ ಸ್ನಾಯುವಿನೊಳಗೇ ಎಲುಬು ಬೆಳೆಯುವುದೂ ಉಂಟು. ತಣ್ಣನೆ ಪಟ್ಟಿ ಕಟ್ಟಿ, ಕಾಲು ಎತ್ತರಕ್ಕೆ ಇಡಿ. ಒಂದೇ ಮೀನಖಂಡ ಊದಿ, ಬಿಸಿಯಾಗಿ, ಮುಟ್ಟಿದರೆ ನೋವು ಅಂದರೆ ಎಣ್ಣೆ ಬಾಟಲಿ ಪಕ್ಕಕ್ಕಿಡಿ. ರಕ್ತನಾಳದಲ್ಲಿ ಹೆಪ್ಪು ಇದ್ದರೆ ತಿಕ್ಕಿದಾಗ ಅದು ಕದಲಿ ಶ್ವಾಸಕೋಶಕ್ಕೆ ಹೋಗಬಹುದು. ಅವತ್ತೇ ವೈದ್ಯರಿಗೆ ತೋರಿಸಿ. ಮಸಾಜ್ ಗನ್, ಅಂದರೆ ಸ್ನಾಯುವಿಗೆ ಪಟಪಟ ಬಡಿಯುವ ಕೈಯಂತ್ರ, ಕೊಂಡವರು ಅದನ್ನು ಕುತ್ತಿಗೆಯ ಮುಂಭಾಗಕ್ಕೆ, ಎಲುಬಿನ ಮೇಲೆ, ಉಬ್ಬಿದ ರಕ್ತನಾಳದ ಮೇಲೆ ಇಡಬೇಡಿ.

ಸರಿ, ಚಾಪೆ ಹಾಸಿದೆ. ನಿನ್ನೆ ಜಾಸ್ತಿ ಓಡಿದವರು ಒಬ್ಬರು ಬಂದು ಮಲಗಿ, ಕೋಚ್‌ಗಳು ಹತ್ತಿರ ಬನ್ನಿ.