ಸುಣ್ಣದ ಗೂಡಿನಲ್ಲಿ ಮುಕ್ತಶಕ್ತಿಯ ಲೆಕ್ಕ

ಎಲ್ಲರಿಗೂ ನಮಸ್ಕಾರ. ಈ ಸ್ಟೀಲ್ ಲೋಟವನ್ನು ಮುಂದಿನ ಸಾಲಿನವರು ಮುಟ್ಟಿ ನೋಡಿ, ಹಾಗೇ ಹಿಂದಕ್ಕೆ ದಾಟಿಸಿ. ತಣ್ಣಗಿದೆ, ಅಲ್ವಾ? ಐಸ್ ಹಾಕಿಲ್ಲ. ನಲ್ಲಿಯ 200 ಮಿಲಿಲೀಟರ್ ನೀರಿಗೆ 60 ಗ್ರಾಂ ಯೂರಿಯಾ ಹಾಕಿ ಕಲಕಿದ್ದೇನೆ, ಅಷ್ಟೇ. ನೀರು ಹತ್ತು ಡಿಗ್ರಿಗಿಂತ ಜಾಸ್ತಿ ಇಳಿದಿದೆ. ಬೆಳೆಗೆ ಸಿಂಪಡಿಸೋಕೆ ಯೂರಿಯಾ ಕರಗಿಸಿದ ರೈತರಿಗೆ ಇದು ಹೊಸದಲ್ಲ.

ಶಾಖ ಹೊರಬಂದರೆ ಮಾತ್ರ ಕ್ರಿಯೆ ತಾನಾಗಿ ನಡೆಯುತ್ತದೆ ಅಂತ ನಮಗೆಲ್ಲ ಒಳಗೊಳಗೇ ಅನಿಸುತ್ತದೆ. 19ನೇ ಶತಮಾನದಲ್ಲಿ ಡೆನ್ಮಾರ್ಕಿನ ಜೂಲಿಯಸ್ ಥಾಮ್ಸನ್, ಫ್ರಾನ್ಸಿನ ಮಾರ್ಸೆಲಿನ್ ಬರ್ತೆಲೊ ಹೆಚ್ಚುಕಡಿಮೆ ಇದನ್ನೇ ನಂಬಿದ್ದರು. ಇಬ್ಬರೂ ವರ್ಷಾನುಗಟ್ಟಲೆ ಕೂತು ಕ್ರಿಯೆಗಳ ಶಾಖ ಅಳೆದವರು, ಅವರ ಮೇಲೆ ನನಗೆ ತುಂಬಾ ಗೌರವ. ಆದರೆ ಈ ಲೋಟ ಅವರ ಮಾತು ಕೇಳುವುದಿಲ್ಲ. ಯೂರಿಯಾ ನೀರಿನಿಂದಲೇ ಶಾಖ ಕಿತ್ತುಕೊಂಡು ತಾನಾಗಿ ಕರಗಿತು.

ಯಾಕೆ? ಹರಳಿನಲ್ಲಿ ಅಣುಗಳಿಗೆ ಒಂದೊಂದು ಜಾಗ ಖಾಯಂ. ನೀರಿಗೆ ಬಿದ್ದ ಮೇಲೆ ಅವು ಎಲ್ಲಿ ಬೇಕಾದರೂ ಇರಬಹುದು, ಇರುವ ಬಗೆಗಳು ಎಣಿಸಲಾಗದಷ್ಟು ಹೆಚ್ಚುತ್ತವೆ. ಎಂಟ್ರೊಪಿ ಅಂದರೆ ಈ ಬಗೆಗಳ ಅಳತೆ. ಹೆಸರು ಕೊಟ್ಟವರು ಕ್ಲೌಸಿಯಸ್, 1865ರಲ್ಲಿ. ನಿಯಮ ಒಂದೇ: ವಸ್ತುವಿನ ಎಂಟ್ರೊಪಿ, ಸುತ್ತಲಿನ ಎಂಟ್ರೊಪಿ, ಎರಡೂ ಸೇರಿದ ಮೊತ್ತ ಏರಬೇಕು. ಸುತ್ತಲಿನದನ್ನು ಅಳೆಯುವುದು ಹೇಗೆ? ಸ್ಥಿರ ಒತ್ತಡದಲ್ಲಿ ಎಷ್ಟು ಶಾಖ ಹೊರಗೆ ಹೋಯಿತೋ ಅದನ್ನು ಕೆಲ್ವಿನ್ ತಾಪದಿಂದ (ಸೆಲ್ಸಿಯಸ್ ಅಂಕಿಗೆ 273 ಕೂಡಿಸಿದರೆ ಬರುವುದು) ಭಾಗಿಸಿದರೆ ಸಾಕು. ಅಮೆರಿಕದ ವಿಲ್ಲಾರ್ಡ್ ಗಿಬ್ಸ್ 1870ರ ದಶಕದಲ್ಲಿ ಇದನ್ನೆಲ್ಲ ವಸ್ತುವಿನ ಕಡೆಯಿಂದಲೇ ಲೆಕ್ಕ ಹಾಕುವ ದಾರಿ ತೋರಿಸಿದರು. ಡೆಲ್ಟಾ ಜಿ = ಡೆಲ್ಟಾ ಎಚ್ − ಟಿ ಡೆಲ್ಟಾ ಎಸ್. ಡೆಲ್ಟಾ ಅಂದರೆ ಬದಲಾವಣೆ; ಜಿ ಮುಕ್ತಶಕ್ತಿ, ಡೆಲ್ಟಾ ಎಚ್ ಸ್ಥಿರ ಒತ್ತಡದಲ್ಲಿ ವಸ್ತು ಹೀರಿದ ಶಾಖ, ಟಿ ಕೆಲ್ವಿನ್ ತಾಪ, ಎಸ್ ವಸ್ತುವಿನ ಎಂಟ್ರೊಪಿ. ನೀವು ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದು ಇದನ್ನೇ. ಮುಕ್ತಶಕ್ತಿ ಹೊಸ ನಿಯಮವೇನೂ ಅಲ್ಲ, ಒಟ್ಟು ಎಂಟ್ರೊಪಿಯ ಲೆಕ್ಕವೇ. ಅದು ಇಳಿದರೆ ಒಟ್ಟು ಎಂಟ್ರೊಪಿ ಏರಿತು ಅಂತಲೇ ಅರ್ಥ. ಇದೊಂದು ತಲೆಗೆ ಹೋದರೆ ಸೂತ್ರ ಮರೆತರೂ ತೊಂದರೆ ಇಲ್ಲ.

ಈಗ ಸುಣ್ಣದ ಗೂಡಿಗೆ ಹೋಗೋಣ. 100 ಗ್ರಾಂ ಶುದ್ಧ ಸುಣ್ಣದ ಕಲ್ಲು ತಗೊಳ್ಳಿ. ಕರಾವಳಿಯವರು ಚಿಪ್ಪು ಅಂದುಕೊಳ್ಳಿ, ರಸಾಯನ ಅದೇ. ಅದು ಒಡೆದು 56 ಗ್ರಾಂ ಸುಟ್ಟ ಸುಣ್ಣ, 44 ಗ್ರಾಂ ಕಾರ್ಬನ್ ಡೈಆಕ್ಸೈಡ್ ಆಗಲು 178 ಕಿಲೋಜೂಲ್ ಶಾಖ ಹೀರುತ್ತದೆ. ಕಲ್ಲಿನೊಳಗೆ ಸಿಕ್ಕಿಕೊಂಡಿದ್ದದ್ದು ಅನಿಲವಾಗಿ ಹೊರಬರುವುದರಿಂದ ಎಂಟ್ರೊಪಿ ಕೆಲ್ವಿನ್ನಿಗೆ 160 ಜೂಲಿನಷ್ಟು ಏರುತ್ತದೆ. ಕೋಣೆಯ ತಾಪ 298 ಕೆಲ್ವಿನ್. ಗುಣಿಸಿದರೆ 48 ಕಿಲೋಜೂಲ್ ಮಾತ್ರ. 178ರ ಎದುರು 48 ಏನೂ ಅಲ್ಲ, ಹಾಗಾಗಿ ಕಲ್ಲು ಕಲ್ಲಾಗೇ ಉಳಿಯುತ್ತದೆ. ತಾಪ ಏರಿಸುತ್ತಾ ಹೋಗಿ. 178ನ್ನು 0.16ರಿಂದ ಭಾಗಿಸಿದರೆ ಸುಮಾರು 1,110 ಕೆಲ್ವಿನ್, ಅಂದರೆ 840 ಡಿಗ್ರಿ ಸೆಲ್ಸಿಯಸ್ ಹತ್ತಿರ ಎರಡೂ ಸಮ ಆಗುತ್ತವೆ. ನಿಜದಲ್ಲಿ 900ರ ಹತ್ತಿರ ಬೇಕಾಗುತ್ತದೆ, ಯಾಕೆಂದರೆ ನಾವು ಹಾಕಿದ್ದು 25 ಡಿಗ್ರಿಯ ಅಂಕಿಗಳು, ಬಿಸಿಯಾದಂತೆ ಅವು ಸ್ವಲ್ಪ ಜರುಗುತ್ತವೆ. ಒಂದು ಗುಣಾಕಾರ, ಒಂದು ಭಾಗಾಕಾರದಿಂದ ಗೂಡಿನ ಬೆಂಕಿ ಎಷ್ಟಿರಬೇಕು ಅಂತ ಇಷ್ಟು ಹತ್ತಿರ ಹೇಳಬಹುದು ಅನ್ನೋದು ನನಗೆ ಇವತ್ತಿಗೂ ಬೆರಗು.

ಗೂಡಿನಲ್ಲಿ ಗಾಳಿ ಚೆನ್ನಾಗಿ ಆಡಬೇಕು. ಅದು ಬೆಂಕಿಗಷ್ಟೇ ಅಲ್ಲ. ಹುಟ್ಟಿದ ಕಾರ್ಬನ್ ಡೈಆಕ್ಸೈಡ್ ಅಲ್ಲೇ ನಿಂತರೆ ಕ್ರಿಯೆ ಕಟ್ಟಿಹೋಗುತ್ತದೆ. ಗಾಳಿ ಅದನ್ನು ಎಳೆದುಕೊಂಡು ಹೋದರೆ ಇನ್ನೂ ಕಡಿಮೆ ತಾಪದಲ್ಲೇ ಕಲ್ಲು ಬೇಯುತ್ತದೆ.

ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಕಥೆ ಉಲ್ಟಾ. ಕೊತಕೊತ ಕುದಿಯುತ್ತದೆ, 56 ಗ್ರಾಮಿಗೆ 65 ಕಿಲೋಜೂಲ್ ಹೊರಗೆ ಬರುತ್ತದೆ. ಓಡಾಡಿಕೊಂಡಿದ್ದ ನೀರು ಪುಡಿಯೊಳಗೆ ಕಟ್ಟುಬೀಳುವುದರಿಂದ ವಸ್ತುವಿನ ಎಂಟ್ರೊಪಿ ಸ್ವಲ್ಪ ಇಳಿಯುತ್ತದೆ. ಆದರೂ ನಡೆಯುತ್ತದೆ, ಯಾಕೆ? 65,000ವನ್ನು 298ರಿಂದ ಭಾಗಿಸಿ: ಸುತ್ತಲಿಗೆ ಕೆಲ್ವಿನ್ನಿಗೆ 218 ಜೂಲ್ ಸೇರಿತು. ಒಳಗಿನ ನಷ್ಟ ಅದರ ಮುಂದೆ ತೀರಾ ಚಿಕ್ಕದು. (ಮನೆಯಲ್ಲಿ ಮಕ್ಕಳು ಇದನ್ನು ಮಾಡೋದು ಬೇಡ. ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ.)

ಕೊನೆಗೆ ಗೋಡೆ. ಬಳಿದ ಸುಣ್ಣ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಾಗುತ್ತದೆ. ಗಾಳಿಯಲ್ಲಿ ಅದು ಇರುವುದೇ ಶೇಕಡಾ 0.04, ಅಷ್ಟಿದ್ದರೂ ಮುಕ್ತಶಕ್ತಿ 50 ಕಿಲೋಜೂಲಿಗಿಂತ ಜಾಸ್ತಿ ಇಳಿಯುತ್ತದೆ. ಹಾಗಾದರೆ ತಕ್ಷಣ ಆಗಬೇಕಲ್ಲ? ಇಲ್ಲ. ತೆಳು ಬಳಿತಕ್ಕೇ ದಿನಗಳು ಬೇಕು, ಗಾರೆಗೆ ತಿಂಗಳು, ವರ್ಷ. ಹಳೇ ಕಾಲದ ದಪ್ಪ ಗೋಡೆಗಳ ಒಳಭಾಗದಲ್ಲಿ ಶತಮಾನ ಕಳೆದರೂ ನೀರು ಹಾಕಿ ಅರಳಿಸಿದ ಸುಣ್ಣ ಕಲ್ಲಾಗದೆ ಹಾಗೇ ಸಿಕ್ಕಿದ್ದುಂಟು. ಪರೀಕ್ಷೆಯಲ್ಲಿ ತುಂಬಾ ಮಕ್ಕಳು ತಪ್ಪುವುದು ಇಲ್ಲೇ. ಸ್ವಯಂಪ್ರೇರಿತ (ತಾನಾಗಿ ನಡೆಯುವ) ಕ್ರಿಯೆ ಅಂದರೆ ಬೇಗ ನಡೆಯುವುದು ಅಂತ ಬರೆದುಬಿಡುತ್ತಾರೆ. ಡೆಲ್ಟಾ ಜಿ ದಿಕ್ಕು ಹೇಳುತ್ತದೆ, ವೇಗ ಹೇಳುವುದಿಲ್ಲ. ವೇಗ ಬೇರೆ ಸಂಗತಿಗಳ ಕೈಯಲ್ಲಿದೆ: ಅನಿಲ ಒಳಗೆ ನುಸುಳಬೇಕು, ಅದು ಕರಗಲು ತೇವ ಬೇಕು. ಪೂರ್ತಿ ಒಣಗಿದ ಗಾರೆ ಸರಿಯಾಗಿ ಗಟ್ಟಿಯಾಗುವುದೇ ಇಲ್ಲ. ಅದಕ್ಕೇ ಹಳೇ ಕಟ್ಟಡ ರಿಪೇರಿ ಮಾಡುವವರು ಹೊಸ ಗಾರೆಗೆ ಒದ್ದೆ ಗೋಣಿತಾಟು ಹೊದಿಸಿ, ಆಗಾಗ ನೀರು ಚಿಮುಕಿಸುತ್ತಾರೆ.

ಪ್ರಶ್ನೆಗಳಿಗೆ ಬರೋಣ. ಅಮೋನಿಯಾ ತಯಾರಿಗೆ ಅಷ್ಟೊಂದು ಒತ್ತಡ ಯಾಕೆ ಅಂತ ಯಾರೋ ಆಗಲೇ ಚೀಟಿ ಕಳಿಸಿದ್ದಾರೆ, ಅದನ್ನೇ ಮೊದಲು ತಗೊಳ್ಳೋಣ.