ರಜೆ ಅರ್ಜಿಗೆ ಉತ್ತರ ಯಾವಾಗ?

ನಮಸ್ಕಾರ. ಇವತ್ತಿನ ಮಾತು ಹತ್ತರಿಂದ ಐವತ್ತು ಜನರನ್ನಿಟ್ಟುಕೊಂಡು ಅಂಗಡಿ, ವರ್ಕ್‌ಶಾಪ್, ಕಚೇರಿ ನಡೆಸುವವರಿಗೆ. ದೊಡ್ಡ ಕಂಪನಿಗಳಿಗೆ ಎಚ್‌ಆರ್ ವಿಭಾಗ ಇರುತ್ತದೆ, ಸಾಫ್ಟ್‌ವೇರ್ ಇರುತ್ತದೆ. ನಿಮ್ಮಲ್ಲಿ ಇರುವುದು ಒಂದು ಹಾಜರಿ ಪುಸ್ತಕ, ಒಂದು ವಾಟ್ಸಾಪ್ ಗ್ರೂಪು. ಹಬ್ಬದ ವಾರ ಬಂತೆಂದರೆ ಆ ಗ್ರೂಪಿನಲ್ಲಿ "ಸಾರ್, ಎರಡು ದಿನ ರಜೆ ಬೇಕಿತ್ತು" ಎಂಬ ಮೆಸೇಜುಗಳು ಸಾಲಾಗಿ ಬಂದು ಬೀಳುತ್ತವೆ. "ನೋಡೋಣ" ಅಂತ ಉತ್ತರ ಹೋಗುತ್ತದೆ. ನನ್ನ ತಕರಾರು ಆ "ನೋಡೋಣ" ಎಂಬ ಮಾತಿನ ಮೇಲೆ. ಹಬ್ಬದಲ್ಲಿ ಕೆಲಸ ಕೆಡುವುದು ಜನ ರಜೆ ಹೋಗುವುದರಿಂದ ಎಂದು ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಯಾರು ಇರುತ್ತಾರೆ, ಯಾರು ಇರುವುದಿಲ್ಲ ಎಂಬುದು ಹಿಂದಿನ ದಿನದವರೆಗೂ ಯಾರಿಗೂ ಗೊತ್ತಿರುವುದಿಲ್ಲವಲ್ಲ, ಅದರಿಂದ ಕೆಡುತ್ತದೆ.

ಮೊದಲು ಒಂದು ಲೆಕ್ಕ ಹಾಕೋಣ. ಪೆನ್ನು ಹಿಡಿದುಕೊಳ್ಳಿ.

ವರ್ಷಕ್ಕೆ 365 ದಿನ. ವಾರದ ರಜೆ 52 ತೆಗೆಯಿರಿ. ನಮ್ಮ ರಾಜ್ಯದಲ್ಲಿ ರಾಷ್ಟ್ರೀಯ ಹಾಗೂ ಹಬ್ಬದ ರಜೆಗಳಿಗೆಂದೇ 1963ರ ಕಾಯ್ದೆಯೊಂದಿದೆ. ಅದರ ಪ್ರಕಾರ ಐದು ದಿನ ಕಡ್ಡಾಯ: ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1. ಇದರ ಮೇಲೆ ಐದು ಹಬ್ಬದ ರಜೆ. ಒಟ್ಟು ಹತ್ತು. ಉಳಿದದ್ದು 303 ಕೆಲಸದ ದಿನ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಂತೆ ಇಪ್ಪತ್ತು ದಿನ ದುಡಿದರೆ ಒಂದು ದಿನ ಗಳಿಕೆ ರಜೆ, ವರ್ಷಕ್ಕೆ ಸುಮಾರು 14 ಆಗುತ್ತದೆ. ಅನಾರೋಗ್ಯ ರಜೆ 12. ಅಲ್ಲಿಗೆ ಒಬ್ಬರಿಗೆ 26. ನಿಮ್ಮಲ್ಲಿ ಇಪ್ಪತ್ತು ಜನ ಇದ್ದಾರೆ ಎಂದುಕೊಳ್ಳಿ, 520 ದಿನ. ಇದನ್ನು 303ರಿಂದ ಭಾಗಿಸಿದರೆ ಒಂದೂ ಮುಕ್ಕಾಲಿನ ಹತ್ತಿರ ಬರುತ್ತದೆ. 2025ರಲ್ಲಿ ಸರ್ಕಾರ ತಿಂಗಳಿಗೊಂದು ದಿನ ವೇತನ ಸಹಿತ ಮುಟ್ಟಿನ ರಜೆಗೆ ಆದೇಶ ಮಾಡಿತು. ಇಪ್ಪತ್ತರಲ್ಲಿ ಎಂಟು ಜನ ಹೆಣ್ಣುಮಕ್ಕಳಿದ್ದರೆ ಇನ್ನು 96 ದಿನ ಸೇರಿ ಲೆಕ್ಕ ಎರಡಕ್ಕೆ ಮುಟ್ಟುತ್ತದೆ.

ಅಂದರೆ ಹಬ್ಬವಿಲ್ಲದ ಮಾಮೂಲಿ ಬುಧವಾರವೂ ಇಪ್ಪತ್ತರಲ್ಲಿ ಇಬ್ಬರು ಇರುವುದಿಲ್ಲ. ನೀವು ಕೊಡುವ ಸಂಬಳದಲ್ಲೇ, ಅವರ ಹಕ್ಕಿನಲ್ಲೇ ಇರುವುದಿಲ್ಲ. ಇಪ್ಪತ್ತು ಜನ ಬರುತ್ತಾರೆಂದು ಆರ್ಡರ್ ಒಪ್ಪಿಕೊಂಡವರು ವರ್ಷದ ಎಲ್ಲಾ ದಿನ ಇಬ್ಬರ ಕೆಲಸ ಸಾಲ ಮಾಡಿದಂತೆ. ಆ ಸಾಲ ದೀಪಾವಳಿಯಲ್ಲಿ ಎದ್ದು ಕಾಣುತ್ತದೆ, ಅಷ್ಟೆ. ಹದಿನೆಂಟು ಜನರ ಕೈಗೆ ಆಗುವಷ್ಟು ಮಾತ್ರ ಒಪ್ಪಿಕೊಳ್ಳಿ.

ಇನ್ನು ಕ್ಯಾಲೆಂಡರ್. ಸರ್ಕಾರದ ಸಾರ್ವತ್ರಿಕ ರಜೆಗಳ ಪಟ್ಟಿ ಹಿಂದಿನ ವರ್ಷದ ಕೊನೆಯಲ್ಲೇ ಬಂದಿರುತ್ತದೆ. ಅದಷ್ಟೂ ನಮಗೂ ಅನ್ವಯಿಸುತ್ತದೆ ಎಂದು ಕೆಲವರು ಹೆದರುತ್ತಾರೆ, ಒಂದೂ ಅನ್ವಯಿಸುವುದಿಲ್ಲ ಎಂದು ಕೆಲವರು ಬೀಗುತ್ತಾರೆ. ಎರಡೂ ತಪ್ಪು. ಖಾಸಗಿಯವರಿಗೆ ಆಗಲೇ ಹೇಳಿದ ಆ ಹತ್ತು. ಮುಂಬೈ, ಹೈದರಾಬಾದಿನ ಮುಖ್ಯ ಕಚೇರಿಯಿಂದ ಬಂದ ಪಟ್ಟಿಯನ್ನು ಹಾಗೇ ಅಂಟಿಸುವವರು ನವೆಂಬರ್ 1 ಅದರಲ್ಲಿದೆಯೇ ಎಂದು ನೋಡಬೇಕು. ಕನ್ನಡ ರಾಜ್ಯೋತ್ಸವದ ರಜೆ ಇಲ್ಲಿ ಕಾನೂನಿನ ರಜೆ, ಯಾರೂ ಉಪಕಾರಕ್ಕೆ ಕೊಡುವುದಲ್ಲ. ಆ ಹತ್ತು ದಿನಗಳಲ್ಲಿ ಯಾರನ್ನಾದರೂ ಕೆಲಸಕ್ಕೆ ಕರೆದರೆ ಎರಡು ಪಟ್ಟು ಸಂಬಳ, ಇಲ್ಲವೇ ಆ ದಿನದ ಸಂಬಳದ ಜೊತೆ ಬದಲಿ ರಜೆ. ಎರಡರಲ್ಲಿ ಯಾವುದು ಎಂದು ಆರಿಸುವವರು ನೌಕರರು. ಇದನ್ನು ಬಾಯಿಮಾತಿನಲ್ಲಿ ಬಿಡಬೇಡಿ. ಕರೆಯುವಾಗಲೇ ಬರೆದು ಕೊಡಿ, ಬದಲಿ ದಿನಾಂಕವನ್ನೂ ಅಲ್ಲೇ ಬರೆಯಿರಿ. ದಿನಾಂಕವಿಲ್ಲದ ಬದಲಿ ರಜೆ ಯಾವತ್ತೂ ಸಿಗುವುದಿಲ್ಲ ಎಂಬುದು ನಿಮ್ಮ ಹುಡುಗರಿಗೆಲ್ಲಾ ಗೊತ್ತಿದೆ.

ಐದು ಹಬ್ಬ ಯಾವುವು ಎಂದು ಮಾಲೀಕರು ಒಬ್ಬರೇ ಕೂತು ಬರೆಯುವುದು ಬೇಡ. ಡಿಸೆಂಬರ್ ಮೊದಲ ವಾರ ಒಂದು ಕಾಗದ ಓಡಾಡಿಸಿ, ಪ್ರತಿಯೊಬ್ಬರೂ ಮುಂದಿನ ವರ್ಷ ತಾವು ಖಂಡಿತ ಊರಲ್ಲಿರಬೇಕಾದ ಎರಡು ಸಂದರ್ಭ ಬರೆಯಲಿ. ಓದಿದರೆ ನಿಮಗೇ ಆಶ್ಚರ್ಯವಾಗುತ್ತದೆ. ಕಲಬುರಗಿ, ಬೀದರ್ ಕಡೆಯವರು ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಬೇಕು. ಧಾರವಾಡ, ಬಾಗಲಕೋಟೆ ಹೆಣ್ಣುಮಕ್ಕಳಿಗೆ ನಾಗರಪಂಚಮಿಗೆ ತವರು. ಶಿರಸಿಯವರಿಗೆ ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬೆ ಜಾತ್ರೆ. ಮಂಡ್ಯ, ರಾಮನಗರದವರಿಗೆ ಯುಗಾದಿಗಿಂತ ಮಾರನೆಯ ದಿನದ ಹೊಸತೊಡಕು ಮುಖ್ಯ, ಅದು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಬಿಹಾರದವರಿಗೆ ದೀಪಾವಳಿಯಾದ ಆರನೇ ದಿನದ ಛಠ್, ಅಸ್ಸಾಮಿನವರಿಗೆ ಏಪ್ರಿಲ್ ಮಧ್ಯದ ಬಿಹು. ಎಲ್ಲರಿಗೂ ಒಟ್ಟಿಗೆ ಬಾಗಿಲು ಹಾಕುವ ದಿನಗಳನ್ನು ಐದರಲ್ಲಿ ಇಡಿ. ಇಂಥವಕ್ಕೆ ಒಬ್ಬೊಬ್ಬರಿಗೆ ಎರಡು ಐಚ್ಛಿಕ ರಜೆ ಹೆಚ್ಚಿಗೆ ಕೊಡಿ. ಇಪ್ಪತ್ತು ಜನಕ್ಕೆ ವರ್ಷಕ್ಕೆ ನಲವತ್ತು ದಿನದ ಖರ್ಚು. ಬದಲಿಗೆ ನಲವತ್ತು ಗೈರುಹಾಜರಿ ಯಾವತ್ತು ಬೀಳುತ್ತದೆ ಎಂದು ಡಿಸೆಂಬರಿನಲ್ಲೇ ಗೊತ್ತಾಗುತ್ತದೆ.

ಈಗ 2026ರ ಮಾರ್ಚ್ ತಿಂಗಳನ್ನೇ ನೋಡಿ. ಯುಗಾದಿ 19, ಗುರುವಾರ. ರಂಜಾನ್ ಹಬ್ಬ ಚಂದ್ರದರ್ಶನದ ಮೇಲೆ 20 ಅಥವಾ 21. ಆಮೇಲೆ ಭಾನುವಾರ. ಗುರುವಾರದಿಂದ ಭಾನುವಾರದವರೆಗೆ ನಾಲ್ಕು ದಿನ, ಅದಾದ ಒಂಬತ್ತನೇ ದಿನ ಮಾರ್ಚ್ 31, ಆರ್ಥಿಕ ವರ್ಷದ ಕೊನೆ. ಚಂದ್ರ ಯಾವತ್ತು ಕಾಣುತ್ತಾನೆಂದು ಯಾರ ಕೈಯಲ್ಲೂ ಇಲ್ಲ, ಹಾಗಾಗಿ ರಂಜಾನ್, ಬಕ್ರೀದ್‌ಗೆ ಪಟ್ಟಿಯಲ್ಲಿನ ದಿನವಷ್ಟೇ ಅಲ್ಲ, ಅದರ ಹಿಂದಿನ ಮುಂದಿನ ದಿನಗಳಲ್ಲೂ ಡೆಲಿವರಿ ಒಪ್ಪಿಕೊಳ್ಳಬೇಡಿ. ಅಂಥ ವಾರದ ಶುಕ್ರವಾರ ಅರ್ಧ ಜನರನ್ನಿಟ್ಟುಕೊಂಡು ಅರ್ಧ ಕೆಲಸ ಮಾಡುವುದಕ್ಕಿಂತ ಬಾಗಿಲು ಹಾಕಿ, ಮುಂಚಿನ ಒಂದು ಭಾನುವಾರವನ್ನು ಎಲ್ಲರ ಒಪ್ಪಿಗೆಯಿಂದ ಕೆಲಸದ ದಿನ ಮಾಡಿಕೊಳ್ಳುವುದು ಲೇಸು.

ಇಲ್ಲೇ ಒಂದು ಕೆಟ್ಟ ನಿಯಮದ ಬಗ್ಗೆ ಹೇಳಬೇಕು. ಸ್ಯಾಂಡ್‌ವಿಚ್ ರಜೆ ಅನ್ನುತ್ತಾರೆ. ಎರಡು ರಜಾದಿನಗಳ ನಡುವಿನ ಒಂದು ದಿನ ರಜೆ ತೆಗೆದುಕೊಂಡರೆ ಆಚೀಚಿನ ರಜಾದಿನಗಳನ್ನೂ ನೌಕರರ ಖಾತೆಯಿಂದ ಕಳೆಯುವುದು. 1948ರ ಫ್ಯಾಕ್ಟರಿ ಕಾಯ್ದೆಯಲ್ಲೇ ಗಳಿಕೆ ರಜೆಯ ನಡುವೆಯೋ ತುದಿಯಲ್ಲೋ ಬಂದ ರಜಾದಿನಗಳನ್ನು ಲೆಕ್ಕಕ್ಕೆ ಸೇರಿಸಬಾರದು ಎಂದು ಬರೆದಿತ್ತು. ನ್ಯಾಯದ ಮಾತು ಹಾಗಿರಲಿ, ವ್ಯವಹಾರಕ್ಕೂ ಇದು ನಷ್ಟವೇ. ಒಂದು ದಿನ ಕೇಳಿದರೆ ನಾಲ್ಕು ದಿನ ಹೋಗುತ್ತದೆ ಎಂದಾದಾಗ ಜನ ಕೇಳುವುದನ್ನೇ ಬಿಡುತ್ತಾರೆ. ಆ ದಿನ ಬೆಳಿಗ್ಗೆ ಒಂಬತ್ತಕ್ಕೆ "ಜ್ವರ" ಎಂದು ಫೋನ್ ಬರುತ್ತದೆ. ಒಂದು ತಿಂಗಳ ಮುಂಚೆ ಗೊತ್ತಾಗಬೇಕಿದ್ದ ವಿಷಯ ಒಂದು ಗಂಟೆ ಮುಂಚೆ ಗೊತ್ತಾಗುತ್ತದೆ. ಆ ನಿಯಮವನ್ನು ತೆಗೆದುಹಾಕಿ.

ಹಾಗಾದರೆ ಉತ್ತರ ಯಾವಾಗ ಕೊಡಬೇಕು? ರೈಲಿನ ಟಿಕೆಟ್ ಅಳತೆಗೋಲು. 2024ರ ನವೆಂಬರ್‌ನಿಂದ ಮುಂಗಡ ಬುಕಿಂಗ್ ಅವಧಿ 120 ದಿನದಿಂದ 60ಕ್ಕೆ ಇಳಿದಿದೆ. ನವೆಂಬರ್ 7ರ ರೈಲಿಗೆ ಸೆಪ್ಟೆಂಬರ್ 8ರ ಬೆಳಿಗ್ಗೆ ಎಂಟಕ್ಕೆ ಬುಕಿಂಗ್ ತೆರೆಯುತ್ತದೆ, ಹಬ್ಬದ ಗಾಡಿಯಾದರೆ ನೋಡನೋಡುತ್ತಲೇ ವೇಟಿಂಗ್ ಲಿಸ್ಟ್. ನಿಮ್ಮ "ಆಯ್ತು" ಅಕ್ಟೋಬರಿನಲ್ಲಿ ಬಂದರೆ ಅವರಿಗೆ ಅದರಿಂದ ಏನೂ ಉಪಯೋಗವಿಲ್ಲ. ಆದ್ದರಿಂದ ರೈಲಿನಲ್ಲಿ ಹೋಗುವವರಿಗೆ 70 ದಿನ ಮುಂಚೆ ಉತ್ತರ ಸಿಗಬೇಕು. ಬಸ್ಸಿನಲ್ಲಿ ಹೋಗುವವರಿಗೆ 40 ದಿನ ಸಾಕು. ಬೆಂಗಳೂರಿನಿಂದ ಬಿಹಾರದ ದಾನಾಪುರಕ್ಕೆ ಹೋಗಲು ಎರಡು ರಾತ್ರಿ, ಬರಲು ಎರಡು ರಾತ್ರಿ. ಛಠ್‌ಗೆ ನಾಲ್ಕು ದಿನ ರಜೆ ಕೊಟ್ಟು ವಾಪಸ್ ಬರಲಿಲ್ಲವೆಂದು ಸಿಟ್ಟಾಗುವುದು ತಪ್ಪು. ಅಂಥವರಿಗೆ ಹನ್ನೆರಡು ದಿನವನ್ನೇ ಕೊಟ್ಟು, ಹಿಂದಿರುಗುವ ಟಿಕೆಟ್ ತೋರಿಸಿ ಎಂದು ಕೇಳಿ. ಮಾಮೂಲಿ ಅರ್ಜಿಗಳಿಗೆ ಮೂರು ಕೆಲಸದ ದಿನದೊಳಗೆ "ಆಗುತ್ತದೆ" ಇಲ್ಲವೇ "ಆಗುವುದಿಲ್ಲ" ಎಂದು ಹೇಳಿಬಿಡಿ. ಮೂರನೆಯ ಉತ್ತರ ಬೇಡ. ಮೂರು ದಿನ ಕಳೆದರೂ ನೀವು ಏನೂ ಹೇಳದಿದ್ದರೆ ಮಂಜೂರಾಯಿತೆಂದೇ ಅರ್ಥ ಎಂದು ನಿಯಮ ಮಾಡಿಕೊಳ್ಳಿ. ಕಷ್ಟ ಅನ್ನಿಸುತ್ತದೆ, ಆದರೆ ಅದು ನಿಮ್ಮನ್ನೂ ಸರಿದಾರಿಗೆ ತರುತ್ತದೆ.

ಆಗುವುದಿಲ್ಲ ಎನ್ನಲು ನಿಮ್ಮಲ್ಲಿ ಕಾರಣ ಇರಬೇಕಲ್ಲ? ಅದಕ್ಕೆ ಒಂದು ಹಾಳೆ. ಎಡಗಡೆ ಕೆಲಸಗಳು, ಬಲಗಡೆ ಆ ಕೆಲಸ ಬರುವವರ ಹೆಸರು, ಕೊನೆಯಲ್ಲಿ ಬಾಗಿಲು ತೆರೆದಿರಲು ಕನಿಷ್ಠ ಎಷ್ಟು ಜನ ಬೇಕು ಎಂಬ ಅಂಕಿ. ಜನರ ಒಟ್ಟು ಲೆಕ್ಕ ಇಲ್ಲಿ ಮೋಸ ಮಾಡುತ್ತದೆ. ಇಪ್ಪತ್ತರಲ್ಲಿ ಹದಿನೈದು ಜನ ಬಂದಿದ್ದರೂ ಲೇತ್ ಓಡಿಸಲು ಬರುವ ಇಬ್ಬರೂ ಒಟ್ಟಿಗೆ ಊರಿಗೆ ಹೋಗಿದ್ದರೆ ಹದಿನೈದು ಜನ ಸುಮ್ಮನೆ ಕೂರಬೇಕು. ಒಂದೇ ಹೆಸರಿರುವ ಸಾಲುಗಳಿಗೆ ಕೆಂಪು ಗೆರೆ ಹಾಕಿ. ಹಬ್ಬಕ್ಕೆ ಮೂರು ತಿಂಗಳ ಮುಂಚೆ ಆ ಕೆಲಸ ಇನ್ನೊಬ್ಬರಿಗೆ ಕಲಿಸಿ.

ಸಾಮಾನ್ಯವಾಗಿ ಅಕೌಂಟ್ಸ್ ನೋಡುವವರ ಸಾಲೇ ಕೆಂಪಾಗಿರುತ್ತದೆ. ಪ್ರತಿ ತಿಂಗಳ ಗಡುವುಗಳನ್ನು ನೋಡಿ: ಟಿಡಿಎಸ್, ಅಂದರೆ ಮೊದಲೇ ಮುರಿದುಕೊಂಡ ತೆರಿಗೆ ಕಟ್ಟಲು 7, ಮಾರಾಟದ ಜಿಎಸ್‌ಟಿ ವಿವರ ಕೊಡುವ ಜಿಎಸ್‌ಟಿಆರ್-1ಕ್ಕೆ 11, ನೌಕರರ ಪಿಎಫ್ ಮತ್ತು ಇಎಸ್‌ಐಗೆ 15, ಜಿಎಸ್‌ಟಿ ಲೆಕ್ಕ ಹಾಕಿ ಕಟ್ಟುವ ಜಿಎಸ್‌ಟಿಆರ್-3ಬಿಗೆ 20. 2026ರಲ್ಲಿ ನರಕ ಚತುರ್ದಶಿ ನವೆಂಬರ್ 8ರ ಭಾನುವಾರ, ಬಲಿಪಾಡ್ಯಮಿ 10ರ ಮಂಗಳವಾರ. ಮಾರನೆಯ ದಿನವೇ 11. ಅಕೌಂಟೆಂಟ್ ಊರಿನಲ್ಲಿ, ಒಟಿಪಿ ಬರುವ ಮೊಬೈಲ್ ಮಾಲೀಕರ ಜೇಬಿನಲ್ಲಿ, ಮಾಲೀಕರು ಮಲೆನಾಡಿನ ತೋಟದ ಮನೆಯಲ್ಲಿ, ಅಲ್ಲಿ ನೆಟ್‌ವರ್ಕ್ ಇಲ್ಲ. 6ರ ಶುಕ್ರವಾರದೊಳಗೆ ಟಿಡಿಎಸ್, ಜಿಎಸ್‌ಟಿಆರ್-1 ಎರಡನ್ನೂ ಮುಗಿಸಿ ಬಿಡಿ. ಸಂಬಳವನ್ನೂ ಬೋನಸ್ಸನ್ನೂ ಜನ ಊರಿನ ಬಸ್ ಹತ್ತುವ ಮೊದಲೇ ಹಾಕಿ, ಬಟ್ಟೆ ಕೊಳ್ಳುವುದು ಹಬ್ಬಕ್ಕೆ ಮುಂಚೆ ತಾನೇ.

ಇಬ್ಬರು ಒಂದೇ ದಿನ ಕೇಳಿದಾಗ ಮೊದಲು ಕೇಳಿದವರಿಗೆ ಎಂಬ ಪದ್ಧತಿ ನನಗೆ ಹಿಡಿಸುವುದಿಲ್ಲ. ಮಾತು ಬಲ್ಲವರು, ಮಾಲೀಕರ ಹತ್ತಿರ ಓಡಾಡುವವರು ಯಾವಾಗಲೂ ಮೊದಲು ಕೇಳುತ್ತಾರೆ. ಒಂದು ನೋಟ್‌ಬುಕ್ಕಿನಲ್ಲಿ ಹಬ್ಬ, ವರ್ಷ, ಯಾರು ಉಳಿದರು ಎಂದು ಬರೆದಿಡಿ. ಹೋದ ದೀಪಾವಳಿಗೆ ಉಳಿದವರಿಗೆ ಈ ದೀಪಾವಳಿಗೆ ಮೊದಲ ಆಯ್ಕೆ. ಹೆಂಡತಿ ಮಕ್ಕಳಿಲ್ಲದ ಹುಡುಗರನ್ನೇ ಪ್ರತಿ ಸಲ ನಿಲ್ಲಿಸಿಕೊಳ್ಳುವುದು ನಮ್ಮಲ್ಲಿ ರೂಢಿಯಾಗಿದೆ. ಅವರಿಗೂ ಊರಲ್ಲಿ ಅಪ್ಪ ಅಮ್ಮ ಬಾಗಿಲು ನೋಡುತ್ತಿರುತ್ತಾರೆ.

ಆಯುಧಪೂಜೆ ಬಗ್ಗೆ ಒಂದು ಮಾತು. ಅವತ್ತು ರಜೆ ಎಂದು ಬೋರ್ಡ್ ಹಾಕಿ, ಪೂಜೆಗೆ ಎಲ್ಲರೂ ಹತ್ತು ಗಂಟೆಗೆ ಬರಲೇಬೇಕೆಂದರೆ ಅದು ರಜೆಯಲ್ಲ. ಹಿಂದಿನ ದಿನ ಊಟದ ಹೊತ್ತಿಗೆ ಮೆಷೀನ್ ನಿಲ್ಲಿಸಿ ಒರೆಸಿ, ಸಂಜೆ ನಾಲ್ಕಕ್ಕೆ ಪೂಜೆ ಮಾಡಿ, ಬೂದುಗುಂಬಳಕಾಯಿ ಒಡೆದು, ಕಡಲೆಪುರಿ, ಸ್ವೀಟ್ ಕೈಗಿಟ್ಟು ಕಳಿಸಿ. ಒಡೆದ ಕಾಯಿಯನ್ನು ಅಲ್ಲೇ ಬಾಚಿ ಹಾಕಿ, ಅದರ ಮೇಲೆ ಬೈಕ್ ಜಾರುತ್ತದೆ.

ಚುನಾವಣೆ ಇರುವ ವರ್ಷ ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕು ಎಂಬುದು ಗೊತ್ತಿರುತ್ತದೆ, ಯಾವ ದಿನ ಎಂಬುದನ್ನು ಮರೆಯುತ್ತಾರೆ. 2024ರಲ್ಲಿ ಬೆಂಗಳೂರಿಗೆ ಏಪ್ರಿಲ್ 26, ಬೆಳಗಾವಿ ವಿಜಯಪುರದ ಕಡೆ ಮೇ 7. ಕಂಪನಿ ಇರುವ ಊರನ್ನು ಬಿಟ್ಟು, ನೌಕರರ ಓಟು ಎಲ್ಲಿದೆಯೋ ಅಲ್ಲಿನ ದಿನಾಂಕ ನೋಡಿ.

ಕೊನೆಯದಾಗಿ, ಯಾವ ಹಾಳೆಯಲ್ಲೂ ಬರೆಯಲಾಗದ ರಜೆ. ಮನೆಯಲ್ಲಿ ಸಾವಾದರೆ ಹನ್ನೊಂದನೇ ದಿನವೋ ಹದಿಮೂರನೇ ದಿನವೋ ಕಾರ್ಯ ಮುಗಿಯುವವರೆಗೆ ಸೂತಕವಿರುವ ಮನೆಗಳು ಎಷ್ಟೋ ಇವೆ. ನಿಮ್ಮ ನಿಯಮದಲ್ಲಿ ಎರಡು ದಿನ ಎಂದಿದ್ದರೆ ಮೂರನೇ ದಿನ ಆ ಮನುಷ್ಯ ಎಲ್ಲಿರಬೇಕು? ಹೆತ್ತವರು, ಗಂಡ ಹೆಂಡತಿ, ಮಕ್ಕಳು ತೀರಿಕೊಂಡರೆ ಐದು ದಿನ ಸಂಬಳ ಸಹಿತ, ಉಳಿದದ್ದು ಅವರ ಗಳಿಕೆ ರಜೆಯಿಂದ, ಅದೂ ಮುಗಿದಿದ್ದರೆ ಮುಂದಿನ ವರ್ಷದ ಖಾತೆಯಿಂದ ಮುಂಗಡವಾಗಿ. ಫೋನ್ ಬಂದಾಗ ಯಾವತ್ತು ಬರುತ್ತೀರಿ ಎಂದು ಕೇಳಬೇಡಿ. "ಹೋಗಿ ಬನ್ನಿ, ಇಲ್ಲಿ ನಾವು ನೋಡಿಕೊಳ್ಳುತ್ತೇವೆ" ಅನ್ನಿ. ಅರ್ಜಿಯನ್ನು ಅವರು ವಾಪಸ್ ಬಂದ ಮೇಲೆ ನೀವೇ ತುಂಬಿಸಿ, ಸಹಿ ಹಾಕಿಸಿಕೊಳ್ಳಿ.